ದೀಪದ ಪೆಟ್ಟಿಗೆಗೆ ಇಟ್ಟ ಬೊಟ್ಟು

ಅಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣವಾದದ್ದು ಉದ್ದಿನ ಕಾಳಿನಷ್ಟು ಗಂಧ.

ಆಯುಧಪೂಜೆಯ ಬೆಳಿಗ್ಗೆ ಏಳು ಗಂಟೆ. ವಡಪಳನಿಯ ಪಾಂಚಜನ್ಯ ಭವನದಲ್ಲಿ ಯಜಮಾನರ ಹೆಂಡತಿ ಚಂದ್ರಮತಿಯಮ್ಮ ಗಂಧ, ಕುಂಕುಮ, ಅಕ್ಷತೆಯ ಬಟ್ಟಲುಗಳಿದ್ದ ಹರಿವಾಣವನ್ನು ನಮಿತಾಳ ಕೈಗಿಟ್ಟರು.

"ಈ ಮೊಣಕಾಲು ಇಟ್ಕೊಂಡು ನನಗೆ ಮೂರು ಮಾಳಿಗೆ ಹತ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನೀನೇ ಇಟ್ಟು ಬಾ. ರುಬ್ಬುವ ಕಲ್ಲಿಂದ ಹಿಡಿದು ಬಿಲ್ಲಿನ ಮಿಷನ್ ತನಕ ಒಂದನ್ನೂ ಬಿಡ್ಬೇಡ. ಮೊದಲು ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಸುಮ್ನೆ ತಾಗಿಸಿ ಬರುದಲ್ಲ, ಒತ್ತಿ ಅಂಟಿಸು. ಅಕ್ಷತೆ ಉದುರಿದ್ರೆ ಒಳ್ಳೇದಲ್ಲ."

ನಮಿತಾ ತಲೆಯಾಡಿಸಿದಳು. ಅವಳು ಬಾಯಿಗಿಂತ ತಲೆಯನ್ನೇ ಹೆಚ್ಚು ಆಡಿಸುವವಳು. ಕುಂದಾಪುರದ ಹತ್ತಿರ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹದಿನೆಂಟಕ್ಕೆ ಈ ಹೋಟೆಲಿಗೆ ಬಂದು ಮೂರು ವರ್ಷ ಅಡುಗೆಮನೆಯ ಮೂಲೆಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸಿದ್ದಳು. ಅವಳ ಹೆಸರು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಕೊತ್ತಂಬರಿ ಎಂದೇ ಕರೆದರು. ಕಳೆದ ವರ್ಷ ಬಿಲ್ಲಿನ ಕೌಂಟರಿಗೆ ಬಡ್ತಿ ಸಿಕ್ಕಿತು, ಹೆಸರಿಗೆ ಮಾತ್ರ ಸಿಗಲಿಲ್ಲ. "ಕೊತ್ತಂಬರೀ, ಆರನೇ ಟೇಬಲ್ ಬಿಲ್!" ಎಂದು ಸಪ್ಲೈಯರುಗಳು ಕೂಗಿದರೆ, ಗಿರಾಕಿಗಳು ಬಿಲ್ಲಿನ ಮೇಲೂ ಸೊಪ್ಪು ಉದುರಿಸಿ ಕೊಡುತ್ತಾರೋ ಏನೋ ಎಂದು ತಿರುಗಿ ನೋಡುತ್ತಿದ್ದರು.

ಅವಳ ಕುರ್ಚಿಯ ಹಿಂದೆ, ಮೆಟ್ಟಿಲಿನ ಕೆಳಗೆ, ಗಾಜಿನ ಬಾಗಿಲಿನ ಒಂದು ಕಪಾಟು. ಅದರೊಳಗೆ ಒಂದರ ಮೇಲೊಂದು ಎರಡು ಕಪ್ಪು ಪೆಟ್ಟಿಗೆಗಳು. ಶೋಳಿಂಗನಲ್ಲೂರಿನಲ್ಲಿ ಯಾವುದೋ ಐಟಿ ಕಂಪನಿ ಜಾಗ ಖಾಲಿ ಮಾಡಿದಾಗ ಯಜಮಾನ ವಿಷ್ಣುಮೂರ್ತಿಗಳು ಎಂಬತ್ತು ಕುರ್ಚಿ ಕೊಂಡಿದ್ದರು. ತರಕಾರಿಯ ಜೊತೆ ಕರಿಬೇವು ಬರುವ ಹಾಗೆ ಕುರ್ಚಿಗಳ ಜೊತೆ ಇಂಥ ನಾಲ್ಕು ಪೆಟ್ಟಿಗೆಗಳೂ ಬಂದವು. ಅವಕ್ಕೆ ಸ್ವಿಚ್ ಎಂದು ಹೆಸರು. ಮೂರು ಮಾಳಿಗೆಯಲ್ಲಿ ಆರ್ಡರ್ ತೆಗೆದುಕೊಳ್ಳುವ ಟ್ಯಾಬು, ಅಡುಗೆಮನೆಯ ಪ್ರಿಂಟರ್, ಬಿಲ್ಲಿನ ಮಿಷನ್, ಗೋಡೆಯ ಕ್ಯಾಮೆರಾ ಎಲ್ಲದರ ವಯರೂ ಕೊನೆಗೆ ಬಂದು ಸೇರುವುದು ಈ ಪೆಟ್ಟಿಗೆಗಳ ಮೂತಿಗೆ. ಪ್ರತಿ ವಯರಿಗೂ ಒಂದು ಪುಟ್ಟ ಹಸಿರು ದೀಪ. ವಯರಿನಲ್ಲಿ ಸುದ್ದಿ ಓಡಾಡಿದ ಹಾಗೆಲ್ಲ ಅದು ಮಿಣುಕುತ್ತದೆ.

ಉಳಿದವರಿಗೆ ಅದು ಮದುವೆಮನೆಯ ಸೀರಿಯಲ್ ಸೆಟ್. ನಮಿತಾಳಿಗೆ ಅದೊಂದು ಬೀದಿ. ಯಾರ ಮನೆ ಎಲ್ಲಿ, ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತು. ಹದಿನೇಳನೆಯ ದೀಪ ಪಟಪಟ ಹೊಡೆದುಕೊಂಡರೆ ಅಡುಗೆಮನೆಗೆ ಆರ್ಡರ್ ಹೋಯಿತು ಅಂತ. ಇಪ್ಪತ್ತೆರಡು ಆರಿದರೆ ಎರಡನೇ ಮಾಳಿಗೆಯಲ್ಲಿ ಯಾರೋ ದಪ್ಪ ಮನುಷ್ಯರು ಕುರ್ಚಿ ಎಳೆದು ವಯರು ಕಿತ್ತಿದ್ದಾರೆ ಅಂತ. ಹಸಿರು ಹೋಗಿ ಕಿತ್ತಳೆ ಬಂದರೆ ಏನೋ ತೊಡಕು. ಯಾರೂ ಹೇಳಿಕೊಟ್ಟದ್ದಲ್ಲ ಇದು. ಬಿಲ್ಲು ಮತ್ತು ಬಿಲ್ಲಿನ ನಡುವೆ ತಿರುಗಿ ನೋಡಿ ನೋಡಿ ಕಲಿತದ್ದು.

ಪೆಟ್ಟಿಗೆ ಕೂಡಿಸಿದ ಸಮೀರ್ ಮಾತ್ರ ಒಮ್ಮೆ ಅವಳ ಕುತೂಹಲ ಕಂಡು ಎರಡು ಮಾತು ಹೇಳಿದ್ದ. "ಹಿಂದೆ ನೋಡಿ, ಈ ಪೆಟ್ಟಿಗೆಗೂ ಆ ಪೆಟ್ಟಿಗೆಗೂ ಎರಡು ದಪ್ಪ ವಯರ್ ಉಂಟಲ್ಲ, ಅದು ನಿಮ್ಮ ಹೋಟೆಲಿನ ಎರಡು ಮೆಟ್ಟಿಲಿದ್ದ ಹಾಗೆ. ಎದುರಿನದ್ದೊಂದು, ಹಿತ್ತಿಲಿನದ್ದೊಂದು. ಒಂದು ಬಂದ್ ಆದ್ರೂ ಇಡ್ಲಿ ಮೇಲೆ ಹೋಗ್ತದೆ, ಆದ್ರೆ ದಾರಿ ಅರ್ಧ ಆಯ್ತು. ಎರಡೂ ಬಂದ್ ಆದ್ರೆ ಮನೆ ಪಾಲಾಯ್ತು ಅಂತ. ಈಗ ಮೇಲಿನದ್ದು ಅಣ್ಣ, ಅವನೇ ಯಜಮಾನ; ಕೆಳಗಿನದ್ದು ತಮ್ಮ. ಪಾಲಾದ್ರೆ ಇಬ್ಬರೂ ಯಜಮಾನರೇ. ಮತ್ತೆ ಆ ಗಲಾಟೆ ಕೇಳ್ಬೇಡಿ."

ಕೂಡುಕುಟುಂಬದಲ್ಲಿ ಹುಟ್ಟಿದ ನಮಿತಾಳಿಗೆ ಎಂಟು ವರ್ಷದ ಶಾಲೆಯಲ್ಲಿ ಯಾವ ಪಾಠವೂ ಇಷ್ಟು ಬೇಗ ಅರ್ಥವಾಗಿರಲಿಲ್ಲ.

ಮರುದಿನ ವಿಜಯದಶಮಿಗೆ ಶೋಳಿಂಗನಲ್ಲೂರಿನಲ್ಲಿ ಹೋಟೆಲಿನ ಹೊಸ ಶಾಖೆ ಶುರುವಾಗುವುದಿತ್ತು. ಉಳಿದೆರಡು ಪೆಟ್ಟಿಗೆಗಳು ಅಲ್ಲಿಗೆ ಹೋಗಿದ್ದವು. ಅವನ್ನು ನೋಡಿಕೊಳ್ಳಲು ಒಬ್ಬರು ಬೇಕು. ಆ ಕೆಲಸ ತನ್ನದೇ ಎಂದು ಸೂಪರ್‌ವೈಸರ್ ಗುರುಚರಣ ಆಗಲೇ ಎರಡು ಹೊಸ ಅಂಗಿ ಹೊಲಿಸಿದ್ದ. ಅವನ ಹತ್ತಿರ ಮೂರು ತಿಂಗಳ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟ್ ಇತ್ತು. ಅದನ್ನು ಲ್ಯಾಮಿನೇಟ್ ಮಾಡಿಸಿ, ಗಿರಾಕಿಗಳ ಕಣ್ಣಿಗೆ ಬೀಳುವಂತೆ ಕೈತೊಳೆಯುವ ಬೇಸಿನ್ನಿನ ಮೇಲೆ ತೂಗುಹಾಕಿದ್ದ. ಆದರೆ ಹಿಂದಿನ ದಿನ ವಿಷ್ಣುಮೂರ್ತಿಗಳು ಕಾಫಿ ಕುಡಿಯುತ್ತ ಎಲ್ಲರೆದುರು ಒಂದು ಮಾತು ಹೇಳಿಬಿಟ್ಟಿದ್ದರು.

"ಕೊತ್ತಂಬರಿಯೂ ಆ ಪೆಟ್ಟಿಗೆ ನೋಡ್ತಾ ಇರ್ತಾಳಲ್ಲ. ನಾಳೆ ಹಬ್ಬದ ರಶ್ಶು ಒಂದು ಸುಸೂತ್ರ ದಾಟಲಿ. ಯಾರನ್ನು ಕಳಿಸುದು ಅಂತ ಸಂಜೆ ಹೇಳ್ತೇನೆ."

ಆ ಮಾತನ್ನು ನಮಿತಾ ಬೆಲ್ಲದ ಚೂರಿನಂತೆ ಬಾಯಲ್ಲಿಟ್ಟುಕೊಂಡು ಮಲಗಿದ್ದಳು. ಅಲ್ಲಿ ಅವಳನ್ನು ಅಡುಗೆಮನೆಯಲ್ಲಿ ಕಂಡವರು ಯಾರೂ ಇರುವುದಿಲ್ಲ. ಅಲ್ಲಿ ಅವಳು ನಮಿತಾ ಆಗಬಹುದು.

ಹರಿವಾಣ ಹಿಡಿದು ಅವಳು ಗ್ರೈಂಡರಿಗೆ, ಕಾಫಿ ಫಿಲ್ಟರಿಗೆ, ತಕ್ಕಡಿಗೆ, ಗ್ಯಾಸ್ ಒಲೆಗೆ, ಟ್ಯಾಬುಗಳಿಗೆ ಬೊಟ್ಟಿಟ್ಟಳು. ಕೊನೆಗೆ ಕಪಾಟು ತೆರೆದು ಪೆಟ್ಟಿಗೆಯ ಮುಂದೆ ನಿಂತು ಯೋಚನೆಗೆ ಬಿದ್ದಳು. ಮುಖದ ತುಂಬ ತೂತುಗಳೇ. ಬೊಟ್ಟಿಡಲು ಹಣೆ ಎಲ್ಲಿ? ಮೇಲಿನ ಪೆಟ್ಟಿಗೆಯ ಎಡ ತುದಿಯಲ್ಲಿ ಒಂದೇ ಒಂದು ಗುಂಡಗಿನ ಜಾಗ ಕಂಡಿತು, ಬೊಟ್ಟಿಡಲೆಂದೇ ಯಾರೋ ಪುಣ್ಯಾತ್ಮರು ಮಾಡಿಟ್ಟ ಹಾಗೆ. ಅಲ್ಲಿಗೆ ಗಂಧ ಒತ್ತಿದಳು. ಅದರ ಮೇಲೆ ಕುಂಕುಮ ಒತ್ತಿದಳು. ಎರಡು ಅಕ್ಷತೆಯಿಟ್ಟು, ಉದುರದಂತೆ ಒತ್ತಿದಳು.

"ಕೊತ್ತಂಬರೀ! ಗಂಧ ತಾ, ಇಲ್ಲಿ ದೋಸೆ ಹಂಚಿಗೆ ಬಾಕಿ!" ಎಂದು ಒಳಗಿನಿಂದ ಅಡುಗೆಯ ಮುಖ್ಯಸ್ಥ ತಿರುಮಲೇಶ ಕೂಗಿದ. ನಮಿತಾ ಪೆಟ್ಟಿಗೆಯ ಕಡೆ ಮತ್ತೆ ನೋಡದೆ ಓಡಿದಳು. ವರ್ಷವಿಡೀ ಆ ದೀಪಗಳನ್ನು ನೋಡಿದವಳು ನೋಡಬೇಕಾದ ಒಂದು ಕ್ಷಣ ನೋಡಲಿಲ್ಲ.

ನೋಡಿದ್ದು ಗುರುಚರಣ.

"ಪೋಚು!" ಎಂಬ ಅವನ ಕೂಗಿಗೆ ಮೊದಲ ಮಾಳಿಗೆಯಲ್ಲಿ ಒಬ್ಬರ ವಡೆ ಸಾಂಬಾರಿಗೆ ಬಿತ್ತು. "ಎಲ್ಲಾ ಪೋಚು! ನೆಟ್ ಹೋಯ್ತು! ದೀಪ ಎಲ್ಲ ಆರಿಹೋಗಿದೆ!"

ನಮಿತಾ ಓಡಿ ಬಂದು ನೋಡಿದಳು. ನಿಜವೇ. ಮೂವತ್ತಾರು ಹಸಿರು ದೀಪಗಳಿದ್ದ ಬೀದಿ ಅಮಾವಾಸ್ಯೆಯಂತಾಗಿತ್ತು. ಒಂದೊಂದು ಪೆಟ್ಟಿಗೆಯಲ್ಲಿ ಎರಡೆರಡೇ ದೀಪ.

"ಎಲ್ಲರೂ ಕೇಳಿ!" ಗುರುಚರಣ ಮೆಟ್ಟಿಲ ಮೇಲೆ ನಿಂತು ಆಜ್ಞೆ ಹೊರಡಿಸಿದ. "ಟ್ಯಾಬಿನಲ್ಲಿ ಒತ್ತಿದ್ರೆ ಈಗ ಅಡುಗೆಮನೆಗೆ ಹೋಗುದಿಲ್ಲ. ಲೆಕ್ಕಕ್ಕೆ ಬೇಕು ಅಂತ ಟ್ಯಾಬಿನಲ್ಲೂ ಒತ್ತಿ, ಚೀಟಿಯಲ್ಲೂ ಬರೆದು ಓಡಿ ಹೋಗಿ ಒಳಗೆ ಕೊಡಿ. ಬೇಗ ಬೇಗ, ಸೀಕ್ರಂ!"

ಸಪ್ಲೈಯರುಗಳು ಮೂರು ಮಾಳಿಗೆ ಹತ್ತಿ ಇಳಿದು ಓಡತೊಡಗಿದರು. ನಮಿತಾ ತನ್ನ ಕುರ್ಚಿಯಲ್ಲಿ ಕೂತು ಒಂದು ಬಿಲ್ಲು ಒತ್ತಿದಳು. ಬಿಲ್ಲು ಬಂತು. ಇನ್ನೊಂದು ಒತ್ತಿದಳು. ಅದೂ ಬಂತು. ಕಿಟಕಿಯಿಂದ ಅಡುಗೆಮನೆಯತ್ತ ಇಣುಕಿದಳು. ಪ್ರಿಂಟರ್ ಆರ್ಡರುಗಳನ್ನು ನಾಲಗೆಯಂತೆ ಉದ್ದಕ್ಕೆ ಚಾಚುತ್ತಲೇ ಇತ್ತು. ಅದರ ಪಕ್ಕದಲ್ಲೇ ಚೀಟಿ ಹಿಡಿದವರ ಸಾಲು. ತಿರುಮಲೇಶ ಅದನ್ನೂ ಓದುತ್ತಿದ್ದ, ಇದನ್ನೂ ಓದುತ್ತಿದ್ದ, ಹಂಚಿನ ಮೇಲೆ ಹಿಟ್ಟು ಹೊಯ್ಯುತ್ತಲೇ ಇದ್ದ.

"ಎಂಥ ಗಿರಾಕಿ ಮಾರಾಯ್ರೆ ಇವತ್ತು!" ಎಂದು ಬೆವರೊರೆಸಿಕೊಂಡ. "ಒಂದು ಟೇಬಲಿಗೆ ಎಂಟು ಮಸಾಲೆ ದೋಸೆ! ಮುರುಗನ ದಯೆ!"

ನೆಟ್ ಹೋಗಿಯೇ ಇಲ್ಲ. ನಮಿತಾಳಿಗೆ ಅರ್ಥವಾಯಿತು. ಅವಳು ಎದ್ದು ಗುರುಚರಣನ ಬೆನ್ನ ಹಿಂದೆ ನಿಂತಳು.

"ಗುರಣ್ಣ, ನೆಟ್ ಉಂಟು."

ಅವಳ ದನಿ ಒಗ್ಗರಣೆಯಲ್ಲಿ ಬಿದ್ದ ಒಂದು ಸಾಸಿವೆಯಷ್ಟಿತ್ತು. ಸಿಡಿಯಿತು, ಯಾರಿಗೂ ಕೇಳಲಿಲ್ಲ.

"ಗುರಣ್ಣ..."

"ನೀನು ಬಿಲ್ ನೋಡು ಕೊತ್ತಂಬರಿ. ಇದೆಲ್ಲ ಟೆಕ್ನಿಕಲ್."

ಅಷ್ಟರಲ್ಲಿ ಲೈಟ್‌ಮ್ಯಾನ್ ಏಳುಮಲೈ ಬಂದರು. ಹತ್ತಿರದ ಸಿನಿಮಾ ಸ್ಟುಡಿಯೋದಲ್ಲಿ ದೀಪ ಹಿಡಿಯುವವರು. ಮೂವತ್ತು ವರ್ಷ ಇಲ್ಲೇ ತಿಂಡಿ ತಿಂದು ಕನ್ನಡವನ್ನೂ ಚಟ್ನಿಯ ಹಾಗೆ ನೆಂಚಿಕೊಂಡಿದ್ದರು. ಅವರ ಕಡೆಯವರು ಹಬ್ಬದ ದಿನ ದೊಡ್ಡ ದೊಡ್ಡ ಲೈಟುಗಳಿಗೆ ಪೂಜೆ ಮಾಡಿ ಪೊಂಗಲ್ ವಡೆ ಹಂಚುವ ರೂಢಿ.

"ತಂಬಿ, ನೂತ್ತಿ ಇರುಬದು ಪಾರ್ಸೆಲ್. ಹತ್ತು ಗಂಟೆಗೆ ಬೇಕು."

"ನೂರ ಇಪ್ಪತ್ತು ತಾನೆ? ಆಯ್ತಣ್ಣಾ," ಎಂದು ಗುರುಚರಣ ಟ್ಯಾಬಿನಲ್ಲಿ ನೂರ ಇಪ್ಪತ್ತು ಒತ್ತಿದ. ಚೀಟಿಯಲ್ಲಿ ನೂರ ಇಪ್ಪತ್ತು ಬರೆದ. ಎರಡೂ ಅಡುಗೆಮನೆ ಸೇರಿದವು. ಒಳಗಿನಿಂದ ತಿರುಮಲೇಶ "ಇನ್ನೂರ ನಲವತ್ತು ಪೊಂಗಲಾ?" ಎಂದು ಅರಚಿದ್ದು ಗ್ರೈಂಡರಿನ ಸದ್ದಿನಲ್ಲಿ ಸಿಕ್ಕಿ ಹಿಟ್ಟಾಯಿತು.

ಏಳುಮಲೈ ಕಪಾಟಿನೊಳಗೆ ಇಣುಕಿ, ಡಾಕ್ಟರರಂತೆ ತಲೆ ಆಡಿಸಿದರು. "ನಾನ್ ಮೂವತ್ತು ವರ್ಷ ಲೈಟ್ ನೋಡಿದವನು. ಇದು ಫ್ಯೂಸ್. ಜನರೇಟರ್ ಚೆಕ್ ಪಣ್ಣು."

"ಫ್ಯೂಸ್ ಅಲ್ಲ, ದೃಷ್ಟಿ!" ಎಂದು ಚಂದ್ರಮತಿಯಮ್ಮ ಮೊಣಕಾಲು ಹಿಡಿದುಕೊಂಡು ಬಂದರು. "ಹೊಸ ಶಾಖೆ ಅಂತ ಬೋರ್ಡ್ ಹಾಕಿದ ದಿನವೇ ನಾನು ಹೇಳಿದೆ, ಇಷ್ಟು ದೊಡ್ಡ ಅಕ್ಷರ ಬೇಡ ಅಂತ. ಊರವರ ಕಣ್ಣೆಲ್ಲ ನಮ್ಮ ಮೇಲೆ. ಸಂಜೆ ಒಡೆಯುವ ಬೂದುಗುಂಬಳ ಈಗಲೇ ಒಡೆಯುವ."

ಆಗ ನಮಿತಾಳ ಕಣ್ಣು ಆ ಬೊಟ್ಟಿನ ಮೇಲೆ ಬಿತ್ತು. ಗುಂಡಗಿನ ಜಾಗದ ಅಂಚಿನಲ್ಲಿ ಗಂಧ ಒಂದು ಸಣ್ಣ ಸಂದಿನೊಳಗೆ ಇಳಿದಿತ್ತು. ಬರಿಯ ಜಾಗಕ್ಕೆ ಸಂದು ಇರುವುದಿಲ್ಲ. ಸಂದು ಇರುವುದು ಒತ್ತುವ ಗುಂಡಿಗೆ.

ತಾನು ಹಣೆ ಎಂದುಕೊಂಡದ್ದು ಗುಂಡಿ. ತಾನು ಅದನ್ನು ಒತ್ತಿದ್ದೇನೆ. ಒಮ್ಮೆಯಲ್ಲ, ಮೂರು ಸಲ.

ನೆಟ್ ಉಂಟು ಎಂದು ಗಟ್ಟಿಯಾಗಿ ಹೇಳಿದರೆ, ಮತ್ತೆ ದೀಪ ಯಾಕೆ ಆರಿತು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ ಶೋಳಿಂಗನಲ್ಲೂರು ಅಲ್ಲಿಗೇ ಮುಗಿಯಿತು. ಹೇಳದಿದ್ದರೆ ತಿರುಮಲೇಶಣ್ಣ ಇಡೀ ವಡಪಳನಿಗೆ ದೋಸೆ ಹೊಯ್ದು ಹಾಕುತ್ತಾನೆ.

ಹಿತ್ತಿಲಿನ ಮೆಟ್ಟಿಲಲ್ಲಿ ಕೂತು ಸಮೀರನಿಗೆ ಫೋನ್ ಮಾಡಿದಳು. ಅವನು ರಜೆಗೆ ಊರಿಗೆ ಹೊರಟು ಬಸ್ಸಿನಲ್ಲಿದ್ದ. ಗಾಳಿಯ ಸದ್ದಿನ ನಡುವೆ ಅವನ ಮಾತು ತುಂಡು ತುಂಡಾಗಿ ಬಂತು.

"ಬಿಲ್ ಬರ್ತಾ ಉಂಟಾ? ಹಾಗಾದ್ರೆ ಎಂತದೂ ಆಗ್ಲಿಲ್ಲ... ಗುಂಡಿ ಒತ್ತಿದ್ದಾ? ಒತ್ತಿದ್ರೆ ತೊಂದರೆ ಇಲ್ಲ... ಒತ್ತಿ ಹಿಡೀಬೇಡಿ! ಹತ್ತು ಎಣಿಸುವಷ್ಟು ಹಿಡಿದ್ರೆ ಅದು ಎಲ್ಲ ಮರೆತುಬಿಡ್ತದೆ. ಯಾವ ಮಾಳಿಗೆ, ಯಾವ ಪ್ರಿಂಟರ್, ಒಂದೂ ನೆನಪಿರುದಿಲ್ಲ. ಮತ್ತೆ ನಾನು ಬರುವ ತನಕ..."

ಫೋನು ಕಟ್ಟಾಯಿತು.

ಅವಳು ಒಳಗೆ ಬಂದಾಗ ಗುರುಚರಣ ಪೆಟ್ಟಿಗೆಯನ್ನು ಅರ್ಧ ಹೊರಗೆಳೆದು, ಹಸುವಿನ ಬಾಲ ಹಿಡಿದವನಂತೆ ಹಿಂದಿನ ದಪ್ಪ ವಯರು ಹಿಡಿದು ನಿಂತಿದ್ದ.

"ನೋಡಿ ಅಮ್ಮ, ಇಲ್ಲೇ ಇರುದು ಮಿಸ್ಟೇಕು. ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಒಂದು ವಯರ್ ಸಾಕಲ್ಲ? ಆ ಸಮೀರ್ ಎರಡು ಹಾಕಿದ್ದಾನೆ. ಎರಡು ಹಾಕಿದ್ರೆ ಕರೆಂಟಿಗೆ ಕನ್ಫ್ಯೂಸ್ ಆಗುದಿಲ್ವಾ?"

"ಗುರಣ್ಣ, ಬೇಡ," ಎಂದಳು ನಮಿತಾ.

ಅವನು ಎಳೆದೇಬಿಟ್ಟ. ವಯರಿನ ಬುಡದಲ್ಲಿದ್ದ ಹಸಿರು ಚುಕ್ಕೆ ಕಿತ್ತಳೆಯಾಯಿತು. ಬೇರೇನೂ ಆಗಲಿಲ್ಲ. ಹಿತ್ತಿಲಿನ ಮೆಟ್ಟಿಲು ಬಂದ್ ಆಗಿ ಎಲ್ಲರೂ ಎದುರಿನ ಮೆಟ್ಟಿಲಿಗೆ ಬಂದರು, ಅಷ್ಟೆ. ಇನ್ನು ಆ ಒಂದು ವಯರು ಜಾರಿದರೆ ಮನೆ ಎರಡು ಪಾಲು. ಇದು ಗೊತ್ತಿದ್ದದ್ದು ಅಲ್ಲಿ ಒಬ್ಬಳಿಗೇ.

"ನೋಡಿದ್ರಾ? ಏನೂ ಆಗ್ಲಿಲ್ಲ. ಎಕ್ಸ್‌ಟ್ರಾ ವಯರು ಅದು," ಎಂದು ಗುರುಚರಣ ಅದನ್ನು ಸುತ್ತಿ ಜೇಬಿಗಿಟ್ಟುಕೊಂಡ. ಸರಿಯಾಗಿ ಹಿಡಿಸಲಿಲ್ಲ, ಜೇಬಿನಿಂದ ಹಾವಿನ ಹೆಡೆಯಂತೆ ತುದಿ ಹೊರಗೇ ಉಳಿಯಿತು. ಆಮೇಲೆ ಮೊಬೈಲು ತೆಗೆದು ಓದಿದ. "ಇಲ್ಲಿ ಹಾಕಿದ್ದಾರೆ. ಎಡಗಡೆ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ಎಲ್ಲ ಹೊಸತಾಗ್ತದಂತೆ."

"ಹೊಸತಾಗುದು ಒಳ್ಳೇದೇ," ಎಂದರು ಚಂದ್ರಮತಿಯಮ್ಮ. "ಕುಂಬಳಕಾಯಿ ಒಡೆದ ಕೂಡ್ಲೇ ಒತ್ತು. ಶುಭ."

ಹೊರಗೆ ಆಟೋ ನಿಂತಿತು. ಕೋಯಂಬೇಡು ಮಾರ್ಕೆಟಿನಿಂದ ಬಾಳೆಗಿಡ, ಮಂಡಕ್ಕಿ ಮೂಟೆಗಳ ಜೊತೆ ವಿಷ್ಣುಮೂರ್ತಿಗಳು ಇಳಿದರು. ಒಳಗೆ ಕಾಲಿಟ್ಟರೆ ಪ್ರತಿ ಟೇಬಲಿನ ಮೇಲೂ ಜೋಡಿ ಜೋಡಿ ತಟ್ಟೆಗಳು. ಒಂದು ಕಾಫಿ ಹೇಳಿದವರ ಮುಂದೆ ಎರಡು. ಒಬ್ಬ ಅಜ್ಜ ತನ್ನೆದುರಿನ ಎರಡನೇ ರವಾ ಇಡ್ಲಿಗೆ ಸಾಕೆಂದು ಕೈಮುಗಿದು, "ಪೋದುಂ ಪಾ, ಪೋದುಂ," ಎನ್ನುತ್ತಿದ್ದರು. ಪಾರ್ಸೆಲ್ ಕೊಡುವ ಮೇಜಿನ ಮೇಲೆ ಪೊಂಗಲಿನ ಪೊಟ್ಟಣಗಳು ಗೋಡೆಯಂತೆ ಎದ್ದು, ಅದರ ಆಚೆಯಿಂದ ತಿರುಮಲೇಶನ ತಲೆ ಮಾತ್ರ ಕಾಣುತ್ತಿತ್ತು.

"ಇದೆಂತ ತಿರುಮಲೇಶ, ಯಾರದ್ದು ಮದುವೆ?"

"ಹೊರಗಿನಿಂದ ಹೇಳಿ ಕಳಿಸಿದ್ದನ್ನೇ ಮಾಡಿದ್ದು ಯಜಮಾನ್ರೆ. ಇನ್ನೂರ ನಲವತ್ತು."

ಪೆಟ್ಟಿಗೆಯ ದೀಪ ಆರಿದ ಕಥೆಯನ್ನು ಗುರುಚರಣನ ಬಾಯಿಂದ ಕೇಳಿ ವಿಷ್ಣುಮೂರ್ತಿಗಳ ಮುಖ ಮಜ್ಜಿಗೆಯಂತಾಯಿತು. "ಇವತ್ತೇ ಹೀಗಾಗ್ಬೇಕಾ? ಈ ಪೆಟ್ಟಿಗೆಗಳನ್ನು ನಂಬಿ ನಾಳೆ ಅಲ್ಲಿ ಹೋಟೆಲು ತೆರೀಲಿಕ್ಕುಂಟಾ? ಅಲ್ಲಿಯೂ ಚೀಟಿಯೇ ಬರೀಲಿ. ಪೆಟ್ಟಿಗೆ ಗುಜರಿಗೆ ಹಾಕುವ."

ನಮಿತಾಳಿಗೆ ಅದು ತನ್ನ ಕುತ್ತಿಗೆಗೇ ಬಂದಂತೆನಿಸಿತು. ಚಂದ್ರಮತಿಯಮ್ಮ ಗಂಡನ ತೋಳು ಹಿಡಿದು, "ಮೊದಲು ಹೊರಗೆ ಬನ್ನಿ, ದೃಷ್ಟಿ ತೆಗೆಯುವ," ಎಂದು ಎಲ್ಲರನ್ನೂ ಬಾಗಿಲಿಗೆ ಹೊರಡಿಸಿದರು. ಕುಂಬಳಕಾಯಿಗೆ ತೂತು ಕೊರೆದು ಕುಂಕುಮ ತುಂಬಿದ್ದಾಯಿತು. ಮೇಲೆ ಕರ್ಪೂರ ಉರಿಯಿತು. ಗಿರಾಕಿಗಳೂ ಎರಡನೇ ಕಾಫಿ ಹಿಡಿದು ನೋಡಲು ಎದ್ದರು.

ಕಪಾಟಿನ ಮುಂದೆ ಉಳಿದದ್ದು ಇಬ್ಬರೇ. ಗುರುಚರಣ ಬೆರಳನ್ನು ಗುಂಡಿಯ ಮುಂದೆ ಹಿಡಿದು, ಓಟದ ಪಂದ್ಯಕ್ಕೆ ನಿಂತವನಂತೆ ಕುಂಬಳಕಾಯಿಯ ಸದ್ದಿಗೆ ಕಾಯುತ್ತಿದ್ದ.

ನಮಿತಾ ಬಾಯಿ ತೆರೆದಳು. ಹುಟ್ಟಿದ ಮೇಲೆ ಅವಳು ಗಟ್ಟಿಯಾಗಿ ಹೇಳಿದ ಮೊದಲ ಮಾತೇ ಒಂದು ಸುಳ್ಳಾಗಿತ್ತು.

"ಗುರಣ್ಣ! ಏಳುಮಲೈ ಅಣ್ಣ ಫೋಟೋ ತೆಗೀತಾರಂತೆ. ಯಜಮಾನ್ರ ಪಕ್ಕ ನಿಲ್ಲಿಕ್ಕೆ ನಿಮ್ಮನ್ನು ಕರೀತಿದ್ದಾರೆ!"

ಗುರುಚರಣ ಕೂದಲು ಸರಿಮಾಡಿಕೊಳ್ಳುತ್ತ ಓಡಿದ. ಓಡುವಾಗ ಜೇಬಿನ ಹಾವು ನೆಲಕ್ಕೆ ಬಿತ್ತು.

ನಮಿತಾ ವಯರನ್ನೆತ್ತಿ ಎರಡೂ ಪೆಟ್ಟಿಗೆಗಳ ಹಿಂದೆ ಖಾಲಿಯಿದ್ದ ಬಾಯಿಗೆ ಸಿಕ್ಕಿಸಿದಳು. ಟಕ್, ಟಕ್. ಕಿತ್ತಳೆ ಚುಕ್ಕೆ ಸ್ವಲ್ಪ ಹೊತ್ತು ಯೋಚಿಸಿ ಹಸಿರಾಯಿತು. ಹಿತ್ತಿಲಿನ ಮೆಟ್ಟಿಲು ತೆರೆಯಿತು.

ಈಗ ಗುಂಡಿ. ಅವಳು ಬಗ್ಗಿ ನೋಡಿದಳು. ಮೇಲಿನ ಪೆಟ್ಟಿಗೆಯಲ್ಲಿ ಮೊದಲ ದೀಪ ಮಿಣುಕುತ್ತಿತ್ತು, ಎರಡನೆಯದು ಸುಮ್ಮನೆ ಉರಿಯುತ್ತಿತ್ತು. ಕೆಳಗಿನದರಲ್ಲಿ ಮೊದಲನೆಯದು ಸುಮ್ಮನಿತ್ತು, ಎರಡನೆಯದು ಮಿಣುಕುತ್ತಿತ್ತು. ನೋಡುತ್ತ ನೋಡುತ್ತ ಅವಳ ತುಟಿಯಲ್ಲಿ ನಗು ಮೂಡಿತು. ಇವಕ್ಕೆ ಏನೂ ಆಗಿಲ್ಲ. ಹಾಜರಿ ಹೇಳುತ್ತಿವೆ! ನಾನು ಒಂದು, ಇವನು ಎರಡು ಅಂತ ಅಣ್ಣ; ಅವನು ಒಂದು, ನಾನು ಎರಡು ಅಂತ ತಮ್ಮ. ಮೂರು ಸಲ ಕೇಳಿದ್ದಕ್ಕೆ ಪಾಪ, ಮೂರು ಗಂಟೆ ಹೊತ್ತಿನಿಂದ ಹೇಳುತ್ತಲೇ ಇವೆ.

ಗುಂಡಿಯ ಪಕ್ಕದಲ್ಲಿ ಇನ್ನೂ ಸಣ್ಣ ನಾಲ್ಕು ದೀಪಗಳಿದ್ದವು. ದಿನವೂ ಉರಿಯುವುದು ಮೊದಲನೆಯದು. ಇವತ್ತು ಉರಿಯುತ್ತಿದ್ದದ್ದು ನಾಲ್ಕನೆಯದು. ಗಂಧಕ್ಕೊಂದು ಹೆಜ್ಜೆ, ಕುಂಕುಮಕ್ಕೊಂದು, ಅಕ್ಷತೆಗೊಂದು. ನಾಲ್ಕರ ಮುಂದೆ ಮನೆ ಇಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ತಿರುಗಿ ಮೊದಲಿನ ಬಾಗಿಲಿಗೇ ಬರಬೇಕಲ್ಲ?

ಅವಳು ಬೊಟ್ಟಿನ ಮೇಲೆ ಬೆರಳಿಟ್ಟು, ಒಮ್ಮೆ, ಮೆಲ್ಲಗೆ ಒತ್ತಿ ಬಿಟ್ಟಳು.

ಧಡ್! ಹೊರಗೆ ಕುಂಬಳಕಾಯಿ ಒಡೆಯಿತು. ಒಳಗೆ ಮೂವತ್ತಾರು ದೀಪಗಳು ಒಟ್ಟಿಗೇ ಕಣ್ಣು ಬಿಟ್ಟವು.

"ಬಂತು! ಬಂತು!" ಬಾಗಿಲಲ್ಲಿ ನಿಂತು ಫೋಟೋ ತೆಗೆಯುವವರನ್ನು ಹುಡುಕುತ್ತಿದ್ದ ಗುರುಚರಣ ತಿರುಗಿ ಕೂಗಿದ. ಎಲ್ಲರೂ ಒಳಗೆ ನುಗ್ಗಿದರು. ಗಾಜಿನ ಹಿಂದೆ ಬೀದಿ ಮೊದಲಿನಂತೆ ಮಿಣಮಿಣ ಮಿಣುಕುತ್ತಿತ್ತು.

"ನಾನು ಹೇಳ್ಲಿಲ್ವಾ?" ಚಂದ್ರಮತಿಯಮ್ಮ ಕೈಯ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು. "ಸಮೀರನೂ ಬೇಡ, ಸರ್ಟಿಫಿಕೇಟೂ ಬೇಡ. ಒಂದು ಕುಂಬಳಕಾಯಿ ಸಾಕು!"

ದೃಷ್ಟಿ ಹೋದದ್ದಕ್ಕೆ ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಪೊಟ್ಟಣಗಳ ಗೋಡೆ ಕಂಡ ಏಳುಮಲೈ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ, "ಪಕ್ಕದ ಎರಡು ಶೂಟಿಂಗ್ ಫ್ಲೋರಲ್ಲೂ ಪೂಜೆ ಇದೆ. ಎಲ್ಲಾ ಕೊಡುಪ್ಪಾ," ಎಂದು ಇನ್ನೂರ ನಲವತ್ತನ್ನೂ ವ್ಯಾನಿಗೆ ತುಂಬಿಸಿದರು. ವಿಷ್ಣುಮೂರ್ತಿಗಳ ಮುಖ ಮಜ್ಜಿಗೆಯಿಂದ ಪಾಯಸಕ್ಕೆ ತಿರುಗಿತು.

ಸಂಜೆ ದೀಪ ಹಚ್ಚಿದ ಮೇಲೆ ಅವರು ಎಲ್ಲರನ್ನೂ ಕರೆದರು. ಗುರುಚರಣ ಹೊಸ ಅಂಗಿ ಹಾಕಿಕೊಂಡು ಬಂದ. ನಮಿತಾ ಕಂಬದ ಮರೆಯಲ್ಲಿ ನಿಂತಳು.

"ನಾಳೆ ಶೋಳಿಂಗನಲ್ಲೂರಿಗೆ," ಎಂದು ಯಜಮಾನರು ಹೆಂಡತಿಯ ಮುಖ ನೋಡಿ, ನಕ್ಕು, ಮುಂದುವರಿಸಿದರು, "ನಮಿತಾ ಹೋಗ್ತಾಳೆ."

ನಮಿತಾ! ಕೊತ್ತಂಬರಿಯಲ್ಲ, ನಮಿತಾ! ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಹೊಟ್ಟೆಯಲ್ಲಿದ್ದ ಸತ್ಯವನ್ನು ಇನ್ನು ಇಟ್ಟುಕೊಳ್ಳಲಾಗಲಿಲ್ಲ.

"ಅಮ್ಮ, ಆ ದೀಪ ಆರಿದ್ದು ನನ್ನಿಂದ. ನಾನು ಬೊಟ್ಟಿಟ್ಟದ್ದು ಗುಂಡಿಯ ಮೇಲೆ. ಮತ್ತೆ ಹತ್ತಿದ್ದೂ ನಾನು ಅದನ್ನು ಒತ್ತಿದ್ದಕ್ಕೆ. ನೆಟ್ ಹೋಗಿರಲೇ ಇಲ್ಲ."

ಗುರುಚರಣ ಗೊಳ್ಳೆಂದು ನಕ್ಕ. "ಗಂಧ ಹಚ್ಚಿದ್ರೆ ನೆಟ್ ಹೋಗ್ತದಂತೆ! ಎಂಟನೇ ಕ್ಲಾಸು ಅಂದ್ರೆ ಇಷ್ಟೇ."

ಚಂದ್ರಮತಿಯಮ್ಮ ಮಾತ್ರ ನಗಲಿಲ್ಲ. ಅವಳ ಗಲ್ಲ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. "ನೋಡಿ, ಎಂಥಾ ಹುಡುಗಿ! ಊರವರ ಕಣ್ಣಿನ ತಪ್ಪನ್ನು ತನ್ನ ಮೇಲೆ ಹಾಕ್ಕೊಳ್ತಾಳೆ. ಇದಕ್ಕೇ ನಾನು ಇವರಿಗೆ ಹೇಳಿದ್ದು, ಇವಳನ್ನೇ ಕಳಿಸಿ ಅಂತ. ಅಷ್ಟು ದೊಡ್ಡ ದೃಷ್ಟಿ ಬಿದ್ರೂ ಪೆಟ್ಟಿಗೆ ಒಡೀಲಿಲ್ಲ, ಯಾಕೆ? ಇವಳ ಕೈಗುಣ!"

ಮರುದಿನ ಬೆಳಿಗ್ಗೆ ನಮಿತಾ ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, ಎರಡು ಬಸ್ಸು ಬದಲಿಸಿ, ಆಫೀಸಿನ ಕ್ಯಾಬುಗಳ ಸಾಲು ದಾಟಿ ಹೊಸ ಶಾಖೆಗೆ ಬಂದಳು. ಹೊಸ ಗಾಜು, ಹೊಸ ಬಣ್ಣ. ಕೌಂಟರಿನ ಪಕ್ಕದಲ್ಲಿ ಗಾಜಿನ ಕಪಾಟು, ಅದರೊಳಗೆ ಆ ಎರಡು ಪೆಟ್ಟಿಗೆಗಳು, ಅವುಗಳ ಮುಂದೆ ಒಂದು ಒಳ್ಳೆಯ ತಿರುಗುವ ಕುರ್ಚಿ. ಕುರ್ಚಿಯಲ್ಲಿ ಗುರುಚರಣ. ಅವನ ಮುಂದೆ ಹಲಗೆ: 'ಸಿಸ್ಟಮ್ ಇನ್‌ಚಾರ್ಜ್'. ಅವನ ಹಿಂದೆ, ಗೋಡೆಯ ಮೇಲೆ, ಲ್ಯಾಮಿನೇಟ್ ಆದ ಸರ್ಟಿಫಿಕೇಟು.

"ಬಂದ್ಯಾ ಮಗಾ?" ಚಂದ್ರಮತಿಯಮ್ಮ ಹರಿವಾಣವನ್ನು ಅವಳ ಕೈಗಿಟ್ಟರು. "ಪೆಟ್ಟಿಗೆಯ ಕೆಲಸ ಗುರುಚರಣ ನೋಡ್ತಾನೆ. ನಿನಗೆ ಅದರ ತಲೆಬಿಸಿ ಬೇಡ. ನೀನು ದಿನಾ ಏಳು ಗಂಟೆಗೆ ಸರಿಯಾಗಿ ಬಂದು ಬೊಟ್ಟಿಡು, ಸಾಕು. ನಿನ್ನೆ ಇಟ್ಟ ಹಾಗೆಯೇ, ಅದೇ ಜಾಗಕ್ಕೆ."

"ದಿನಾ... ಅಷ್ಟೇಯಾ ಅಮ್ಮ?"

"ಐದು ನಿಮಿಷದ ಕೆಲಸ, ಹೌದು. ಉಳಿದ ಹೊತ್ತು ಸುಮ್ನೆ ಕೂತ್ರೆ ಬೇಜಾರಾಗ್ತದೆ ಅಂತ ನನಗೆ ಗೊತ್ತುಂಟು." ಅವರು ಕಾಲಿನಿಂದ ಒಂದು ಗೋಣಿಯನ್ನು ಮುಂದೆ ತಳ್ಳಿದರು. ಕೋಯಂಬೇಡಿನಿಂದ ಆಗಷ್ಟೇ ಬಂದ, ಮಣ್ಣು ಸಮೇತ, ನಲವತ್ತು ಕಟ್ಟು ಕೊತ್ತಂಬರಿ ಸೊಪ್ಪು.

ನಮಿತಾ ಗೋಣಿಯನ್ನು ನೋಡಿದಳು. ಕುರ್ಚಿಯನ್ನು ನೋಡಿದಳು. ಕೊನೆಗೆ ಗಾಜಿನ ಹಿಂದಿನ ದೀಪಗಳನ್ನು ನೋಡಿದಳು. ಹೊಸ ಬೀದಿ. ಯಾರ ಮನೆ ಎಲ್ಲಿ ಎಂದು ಇನ್ನೂ ಗೊತ್ತಾಗಿರಲಿಲ್ಲ. ಗೊತ್ತು ಮಾಡಿಕೊಳ್ಳುವುದಕ್ಕೆ ಹೊತ್ತು ಬೇಕಾದಷ್ಟಿತ್ತು.

ಕಪಾಟು ತೆರೆದು ಗಂಧವಿಟ್ಟಳು. ಕುಂಕುಮವಿಟ್ಟಳು. ಅಕ್ಷತೆ ಒತ್ತಿದಳು. ದೀಪಗಳೆಲ್ಲ ಆರಿ, ಅಣ್ಣ ತಮ್ಮ ಹಾಜರಿ ಹೇಳತೊಡಗಿದರು.

ಸಿಸ್ಟಮ್ ಇನ್‌ಚಾರ್ಜ್ ಕುರ್ಚಿಯಿಂದ ಚಿಮ್ಮಿದ. "ಪೋಚು! ಅಯ್ಯೋ, ಇವತ್ತೂ ಪೋಚು! ಕುಂಬಳಕಾಯಿ ಎಲ್ಲಿ? ಅಮ್ಮ, ಕುಂಬಳಕಾಯಿ!"

ನಮಿತಾ ಹರಿವಾಣದಿಂದ ಸೇವಂತಿಗೆಯ ಒಂದು ಎಸಳು ಆರಿಸಿ, ಅಕ್ಷತೆಯ ಮೇಲಿಟ್ಟು, ಮೆಲ್ಲಗೆ ಒತ್ತಿ ಬಿಟ್ಟಳು. ಬೀದಿಯ ದೀಪಗಳೆಲ್ಲ ಹತ್ತಿಕೊಂಡವು.

"ಹೂವು ಯಾಕೆ?" ಎಂದು ಕೇಳಿದರು ಚಂದ್ರಮತಿಯಮ್ಮ.

"ನಾಲ್ಕಾದ್ರೆ ಪೂರ್ತಿ ಅಮ್ಮ," ಎಂದಳು. ಈ ಸಲ ದನಿ ಎಲ್ಲರಿಗೂ ಕೇಳಿಸಿತು.

ಕಪಾಟಿನ ಎದುರಿಗೇ ಮಣೆ ಎಳೆದುಕೊಂಡು ಕೂತು ಅವಳು ಮೊದಲ ಕಟ್ಟು ಬಿಚ್ಚಿದಳು. ಗುರುಚರಣ ದೀಪಗಳನ್ನು ನೋಡಿದ, ಬೊಟ್ಟನ್ನು ನೋಡಿದ, ಬೆರಳು ಮಡಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಲೆಕ್ಕ ಹಾಕಿದ. ಅತ್ತಿತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ನಮಿತಾ," ಎಂದ ಪಿಸುದನಿಯಲ್ಲಿ. "ಆ ಹೂವಿನ ವಿಷಯ ಸ್ವಲ್ಪ ನನಗೂ ಹೇಳಿಕೊಡ್ತೀಯಾ?"

ನಮಿತಾ ಒಂದು ಕಟ್ಟು ಎತ್ತಿ ಅವನ ಹೊಸ ಅಂಗಿಯ ಮಡಿಲಿಗೆ ಹಾಕಿದಳು.

"ಹೇಳ್ತೇನೆ ಗುರಣ್ಣ. ಬೇರು ಮೊದಲು ಕತ್ತರಿಸಿ."